ಸ್ಲೆಡ್‌ಗೆ ಚೆಕ್ ಬರೆಯುವ ಮುಂಚೆ: ಪಾಸ್ ಪ್ರೊಟೆಕ್ಷನ್ ಕಲಿಸುವ ಸಾಮಾನುಗಳ ವಿಮರ್ಶೆ

ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್‌ನಲ್ಲಿ ಆಫೆನ್ಸಿವ್ ಲೈನಿನ (ಚೆಂಡು ಇರುವ ತಂಡದ ಮುಂಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಐವರು) ಹುಡುಗರಿಗೆ ಏನಾದರೂ ಕೊಡಿಸೋಣ ಎಂದು ಬೂಸ್ಟರ್ ಕ್ಲಬ್ಬಿನವರು ದುಡ್ಡು ಸೇರಿಸಿದರೆ ಮೊದಲು ಬಾಯಿಗೆ ಬರುವ ಹೆಸರು ಸ್ಲೆಡ್. ಕಬ್ಬಿಣದ ಜಾರುಪಟ್ಟಿಗಳ ಮೇಲೆ ಐದು ದಿಂಬು ನಿಲ್ಲಿಸಿ, ಐದು ಜನ ಒಟ್ಟಿಗೆ ಗುದ್ದಿ ತಳ್ಳುವ ಆ ಸಾಮಾನು ಮೈದಾನದ ಮೂಲೆಯಲ್ಲಿ ನಿಂತರೇ ಒಂದು ಗತ್ತು. ಕೊಟ್ಟವರ ಹೆಸರು ಬರೆಸಲು ಜಾಗವೂ ಧಾರಾಳ. ಬೆಲೆ ಸಾವಿರಾರು ಡಾಲರ್. ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಮಗ ಲೈನಿಗೆ ಸೇರಿದ ಮೇಲೆ ಈ ಆಟದ ಒಳಮರ್ಮ ತಿಳಿಯಲು ಹೊರಟ ಕನ್ನಡದ ಅಪ್ಪ ಅಮ್ಮಂದಿರು ಚೆಕ್ ಬರೆಯುವ ಮುಂಚೆ ಕೋಚನ್ನು ಒಂದು ಮಾತು ಕೇಳುವುದು ಒಳ್ಳೆಯದು: ಹುಡುಗರು ಸೋಲುತ್ತಿರುವುದು ರನ್ ಬ್ಲಾಕಿಂಗಿನಲ್ಲೋ, ಪಾಸ್ ಪ್ರೊಟೆಕ್ಷನ್ನಿನಲ್ಲೋ?

ರನ್ ಬ್ಲಾಕಿಂಗ್, ಅಂದರೆ ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸುವುದು, ಮುಂದಕ್ಕೆ ನುಗ್ಗುವ ಕೆಲಸ. ಪಾಸ್ ಪ್ರೊಟೆಕ್ಷನ್, ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕನ್ನು ಕಾಯುವುದು, ಹಿಂದಕ್ಕೆ ಸರಿಯುತ್ತ ತಡೆಯುವ ಕೆಲಸ. ಎದುರಾಳಿ ಓಡಿ ಬರುತ್ತಾನೆ, ಕ್ವಾರ್ಟರ್‌ಬ್ಯಾಕ್ ಬೆನ್ನ ಹಿಂದೆ ಇದ್ದಾನೆ, ತಿರುಗಿ ನೋಡುವಂತಿಲ್ಲ. ಇಬ್ಬರ ನಡುವೆ ತನ್ನ ಮೈಯನ್ನು ಇಟ್ಟುಕೊಂಡೇ ಹಿಂದೆ ಹೋಗಬೇಕು. ಲೈನ್‌ಮನ್‌ಗಳಿಗೆಂದು ಅಂಗಡಿಯಲ್ಲಿ ಮಾರುವ ಸಾಮಾನಿನಲ್ಲಿ ಬಹುಪಾಲು ಮೊದಲ ಕೆಲಸಕ್ಕೆ ಹುಟ್ಟಿದ್ದು. ಇಲ್ಲಿ ಪ್ರತಿಯೊಂದನ್ನೂ ಎರಡನೆಯ ಕೆಲಸದ ಒರೆಗಲ್ಲಿಗೆ ಉಜ್ಜಿ ನೋಡಲಾಗಿದೆ. ರನ್ ಬ್ಲಾಕಿಂಗಿಗೆ ಇದೇ ಸಾಮಾನು ಚಿನ್ನವಾಗಿರಬಹುದು, ಆ ತಕರಾರು ಇಲ್ಲಿಲ್ಲ.

ಹಗ್ಗ ಮತ್ತು ಕೋನ್

ಬೆಲೆ ಅತಿ ಕಡಿಮೆ, ಉಪಯೋಗ ಅತಿ ಹೆಚ್ಚು. ಇದು ಏಕೆ ಎಂದು ತಿಳಿಯಲು ಕಾಲಿನ ಪಟ್ಟು ಗೊತ್ತಿರಬೇಕು.

ಲೈನಿನ ಐವರಲ್ಲಿ ಎರಡು ತುದಿಯವರು ಟ್ಯಾಕಲ್, ಅವರ ಒಳಪಕ್ಕದವರು ಗಾರ್ಡ್. ರೈಟ್ ಟ್ಯಾಕಲ್‌ನನ್ನು ತೆಗೆದುಕೊಳ್ಳಿ. ಕೈ ನೆಲಕ್ಕೂರದೆ ಎರಡು ಕಾಲಿನ ಮೇಲೆ ನಿಂತಿದ್ದಾನೆ. ಬಲಗಾಲು ತುಸು ಹಿಂದೆ, ಅದರ ಹೆಬ್ಬೆರಳು ಎಡಗಾಲಿನ ಹಿಮ್ಮಡಿಯ ಸಾಲಿಗೆ. ಗಾರ್ಡ್‌ಗೆ ಅಷ್ಟು ಬೇಡ, ಹೆಬ್ಬೆರಳು ಇನ್ನೊಂದು ಪಾದದ ನಡುವಿಗೆ ಬಂದರೆ ಸಾಕು. ಒಳಗಿನ ಕಾಲಿಗೆ ಪೋಸ್ಟ್ ಎಂದೂ ಹೊರಗಿನ ಕಾಲಿಗೆ ಕಿಕ್ ಎಂದೂ ಹೆಸರು. ಮೈಭಾರದ ಹೆಚ್ಚು ಪಾಲು ಪೋಸ್ಟ್ ಕಾಲಿನ ಮೇಲಿರುತ್ತದೆ, ಇಲ್ಲದಿದ್ದರೆ ಕಿಕ್ ಕಾಲು ಎತ್ತುವ ಮುಂಚೆ ಭಾರ ಬದಲಿಸಲೇ ಹೊತ್ತು ಹೋಗುತ್ತದೆ. ಸ್ನ್ಯಾಪ್ ಆದೊಡನೆ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾದೊಡನೆ, ಪೋಸ್ಟ್ ಕಾಲಿನ ಒಳ ಅಂಚಿನಿಂದ ನೆಲ ಒತ್ತಿ, ಕಿಕ್ ಕಾಲನ್ನು ಹಿಂದೆ ಸರಿಸಿ, ಅದು ಎಷ್ಟು ಸರಿಯಿತೋ ಅಷ್ಟೇ ದೂರ ಪೋಸ್ಟ್ ಕಾಲನ್ನು ಎಳೆದುಕೊಳ್ಳಬೇಕು. ಪಾದ ನೆಲವನ್ನು ಸವರಿಕೊಂಡು ಹೋಗಬೇಕು, ನೆಗೆಯಬಾರದು. ಇದಕ್ಕೇ ಕಿಕ್ ಸ್ಲೈಡ್ ಎನ್ನುವುದು.

ಕೆಡುವುದು ಎಲ್ಲಿ? ಎಳೆದುಕೊಂಡ ಪೋಸ್ಟ್ ಕಾಲು ಕಿಕ್ ಕಾಲಿಗೆ ಹೋಗಿ ತಾಗುತ್ತದೆ. ಆ ಗಳಿಗೆಯಲ್ಲಿ ಹುಡುಗ ಒಂಟಿಕಾಲಿನ ಕೊಕ್ಕರೆ, ಎದುರಾಳಿ ಎದೆಗೆ ಕೈ ಇಟ್ಟರೆ ಮಲಗಿದ. ಇಲ್ಲವೇ ಕಿಕ್ ಕಾಲಿನ ಬೆರಳು ಹೊರಕ್ಕೆ ತಿರುಗುತ್ತದೆ, ಅದರ ಹಿಂದೆಯೇ ಸೊಂಟವೂ ಬಾಗಿಲಿನಂತೆ ತೆರೆದುಕೊಂಡು ಒಳದಾರಿ ಖಾಲಿಯಾಗುತ್ತದೆ. ಒಳದಾರಿಯೇ ಕ್ವಾರ್ಟರ್‌ಬ್ಯಾಕ್‌ಗೆ ಅತಿ ಹತ್ತಿರದ ದಾರಿ. ಆದ್ದರಿಂದ ಟ್ಯಾಕಲ್ ಯಾವಾಗಲೂ ಎದುರಾಳಿಯ ಮೈಯ ಒಳ ಅರ್ಧಕ್ಕೆ ಎದುರಾಗಿ ನಿಲ್ಲಬೇಕು, ಇವನ ಹೊರಗಣ್ಣು ಅವನ ಎದೆಯ ನಡುವಿಗೆ. ಹೊರಗಿನಿಂದ ಸುತ್ತಿ ಬರುವವನನ್ನು ಕ್ವಾರ್ಟರ್‌ಬ್ಯಾಕಿನ ಹಿಂದಕ್ಕೆ ಓಡಿಸಿಬಿಡಬಹುದು. ಒಳಗಿನಿಂದ ಬಂದವನಿಗೆ ಔಷಧವಿಲ್ಲ.

ಈಗ ಹಗ್ಗ. ದಪ್ಪ ನೈಲಾನ್ ಹಗ್ಗದ ಮೂರು ತುಂಡು, ತಲಾ 5 ಯಾರ್ಡ್. ಟ್ಯಾಕಲ್‌ನ ಹೊರಗಾಲಿನಿಂದ ಮೂರು ಗೆರೆ ಹಾಸಿ: ಒಂದು ನೇರ ಹಿಂದಕ್ಕೆ, ಒಂದು 45 ಡಿಗ್ರಿಗೆ, ಇನ್ನೊಂದು ಬಹುತೇಕ ಲೈನಿನ ಉದ್ದಕ್ಕೆ. ನೇರ ಹಿಂದಕ್ಕೆ ಹೋಗುವುದು ವರ್ಟಿಕಲ್ ಸೆಟ್; ಕಾಲೇಜು ಕೋಚ್ ಮೈಕ್ ಲೀಚ್ ಅವರ, ಪಾಸನ್ನೇ ನೆಚ್ಚಿದ ಏರ್ ರೇಡ್ ತಂಡಗಳಲ್ಲಿ ಲೈನ್‌ಮನ್‌ಗಳು ದೂರ ದೂರ ನಿಂತು ಹಿಂದೆ ಸರಿಯುತ್ತಿದ್ದುದು ನೆನಪಿರಬಹುದು. 45 ಡಿಗ್ರಿಯದು ದಿನನಿತ್ಯದ್ದು. ಮೂರನೆಯದು ಜಂಪ್ ಸೆಟ್, ಎದುರಾಳಿ ವೇಗ ಹಿಡಿಯುವ ಮುಂಚೆಯೇ ಮೇಲೆ ಹೋಗಿ ಹಿಡಿಯುವುದು. ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಕಾಲದಲ್ಲಿ ಪ್ರೊಫೆಷನಲ್ ತಂಡ ಕೋಲ್ಟ್ಸ್‌ನ ಲೈನಿಗೆ ಕೋಚ್ ಹೊವರ್ಡ್ ಮಡ್ ಕಲಿಸಿದ್ದು ಈ ಜಾತಿಯದು. ಚೆಂಡು ಬೇಗ ಕೈಬಿಡುವ ಆಟಕ್ಕೆ ಇದು ಸೊಗಸು, ತಪ್ಪಿದರೆ ಮಾತ್ರ ಪೂರಾ ತಪ್ಪಿದ ಹಾಗೆ.

7 ಯಾರ್ಡ್ ಹಿಂದೆ ಒಂದು ಕೋನ್. ಅದು ಕ್ವಾರ್ಟರ್‌ಬ್ಯಾಕ್ ನಿಲ್ಲುವ ಜಾಗ. ಕೋನ್ ಇಲ್ಲದೆ ಕಿಕ್ ಸ್ಲೈಡ್ ಮಾಡಿಸುವ ಕೋಚ್ ಬರೀ ಕವಾಯತು ಮಾಡಿಸುತ್ತಿದ್ದಾನೆ ಎಂದೇ ಲೆಕ್ಕ. ಯಾರನ್ನು ಕಾಯುತ್ತಿದ್ದೇನೆ ಎನ್ನುವುದು ಕಾಲಿಗೆ ತಿಳಿಯಬೇಕಾದರೆ ಗುರಿ ಹಿಂದೆ ಇರಲೇಬೇಕು. ಪ್ರತಿ ಗೆರೆಯ ಮೇಲೆ ಮೂರು ಕಿಕ್, ನಿಲ್ಲಿಸು, ಕೋಚ್ ಬಂದು ಎದೆಗೆ ತಳ್ಳಿ ನೋಡು. ಅಲುಗಿದರೆ ಪಾದಗಳ ಅಂತರ ಭುಜದಗಲಕ್ಕಿಂತ ಕಿರಿದಾಗಿದೆ. ಒಬ್ಬರಿಗೆ ಒಂದು ಸುತ್ತಿಗೆ ಎಂಟು ಸಲ ಸಾಕು. ಹೆಚ್ಚಾದರೆ ತೊಡೆ ಸೋತು ಹುಡುಗ ನೆಟ್ಟಗೆ ನಿಲ್ಲುತ್ತಾನೆ, ಆಮೇಲೆ ಕಲಿಯುವುದೆಲ್ಲ ತಪ್ಪೇ.

ಹಗ್ಗದ ಬದಲು ಮರದ ಹಲಗೆ ಮಾರುತ್ತಾರೆ, ಎರಡು ಪಾದಗಳ ನಡುವೆ ಇಟ್ಟುಕೊಂಡು ಕಾಲು ಅಗಲವಾಗಿ ಇಡುವ ಅಭ್ಯಾಸಕ್ಕೆ. ಮುಂದಕ್ಕೆ ಹೋಗುವಾಗ ಸರಿ. ಹಿಂದಕ್ಕೆ ಸರಿಯುವಾಗ ಹಲಗೆ ಕಣ್ಣಿಗೆ ಬೀಳುವುದಿಲ್ಲ, ಅದರ ಅಂಚು ತುಳಿದರೆ ಕಣಕಾಲು ಉಳುಕುತ್ತದೆ. ಬೇಡ.

ಹ್ಯಾಂಡ್ ಶೀಲ್ಡ್

ಇದ್ದ ದುಡ್ಡಿನ ದೊಡ್ಡ ಪಾಲು ಇಲ್ಲಿಗೇ ಹೋಗಬೇಕು. ಫೋಮ್ ತುಂಬಿ ವಿನೈಲ್ ಹೊಲಿದ, ಕೈಯಲ್ಲಿ ಹಿಡಿಯುವ ದಿಂಬು. ಒಂದಕ್ಕೆ ನೂರು ಡಾಲರಿನ ಆಸುಪಾಸು. ಆರು ಇದ್ದರೆ ಒಂದು ಲೈನ್ ಗುಂಪಿಗೆ ಧಾರಾಳ.

ಕೊಳ್ಳುವಾಗ ಬಣ್ಣ, ಲೋಗೊ ನೋಡಬೇಡಿ, ಹಿಂದಕ್ಕೆ ತಿರುಗಿಸಿ ಹಿಡಿಕೆ ನೋಡಿ. ಮೊದಲು ಹರಿಯುವುದು ಅದೇ. ಹಿಡಿಕೆಯ ಪಟ್ಟಿ ವಿನೈಲಿನ ಮೇಲ್ಪದರಕ್ಕೆ ಮಾತ್ರ ಹೊಲಿದಿದ್ದರೆ ಒಂದೇ ಸೀಸನ್ನಿನಲ್ಲಿ ಕಿತ್ತು ಬರುತ್ತದೆ. ಒಳಗೊಂದು ಪಟ್ಟಿ ಕೊಟ್ಟು, ಜೋಡಿ ಹೊಲಿಗೆ ಹಾಕಿದ್ದರೆ ಬಾಳಿಕೆ ಬರುತ್ತದೆ. ಮುಂಗೈ ತೂರಿಸುವ ಪಟ್ಟಿಯೂ ಇರಬೇಕು. ಬರೀ ಹಿಡಿಕೆ ಇದ್ದರೆ ಗುದ್ದಿದಾಗ ಹಿಡಿದವನ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಹೆಬ್ಬೆರಳು ಹಿಡಿಕೆಗೆ ಸುತ್ತಿರಬಾರದು, ಉಳಿದ ಬೆರಳುಗಳ ಜೊತೆಗೇ ಮೇಲಿರಬೇಕು. ಇದೊಂದು ಮಾತು ಹೇಳದೆ ಹೆಬ್ಬೆರಳು ಉಳುಕಿಸಿಕೊಂಡವರು ಕಡಿಮೆಯಿಲ್ಲ.

ಆಕಾರದಲ್ಲಿ ಎರಡು ಬಗೆ. ಮೈಯೆಲ್ಲ ಮುಚ್ಚುವ ದೊಡ್ಡ ಚಪ್ಪಟೆ ಶೀಲ್ಡ್, ಮತ್ತು ಎದೆಯಷ್ಟೇ ಅಗಲದ ಸಣ್ಣದು. ಪಾಸ್ ಪ್ರೊಟೆಕ್ಷನ್‌ಗೆ ಸಣ್ಣದೇ ಮೇಲು. ದೊಡ್ಡದರಲ್ಲಿ ಎಲ್ಲಿ ಗುದ್ದಿದರೂ ಗುದ್ದಿದಂತೆಯೇ ಕೇಳಿಸುತ್ತದೆ, ಹಾಗಾಗಿ ಕೈಗಳು ಅಗಲಕ್ಕೆ ಹೋಗುವ ಚಾಳಿ ಬೀಳುತ್ತದೆ. ಪಂದ್ಯದಲ್ಲಿ ಅದೇ ಅಗಲದ ಕೈ ಎದುರಾಳಿಯ ತೋಳಿನ ಹೊರಗೆ ಜರ್ಸಿಯನ್ನು ಹಿಡಿದುಕೊಳ್ಳುತ್ತದೆ, ಬಟ್ಟೆ ಹಿಗ್ಗುತ್ತದೆ, ಅಂಪೈರಿನ ಹಳದಿ ಬಟ್ಟೆ ಬೀಳುತ್ತದೆ, 10 ಯಾರ್ಡ್ ದಂಡ. ದೊಡ್ಡ ಶೀಲ್ಡ್ ಈಗಾಗಲೇ ಇದ್ದರೆ ಬಿಸಾಡಬೇಕಿಲ್ಲ. ಎದೆಯ ಎತ್ತರಕ್ಕೆ ಎರಡು ಅಂಗೈ ಗುರುತನ್ನು ಬಿಳಿ ಟೇಪಿನಲ್ಲಿ ಅಂಟಿಸಿ, ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರ. ಗುದ್ದು ಅಲ್ಲೇ ಬೀಳಬೇಕು.

ಆ ಗುದ್ದಿಗೆ ಪಂಚ್ ಎನ್ನುತ್ತಾರೆ, ಆದರೆ ಮುಷ್ಟಿಯಲ್ಲ. ಅಂಗೈಯ ಬುಡ ತಾಗಬೇಕು, ಹೆಬ್ಬೆರಳು ಮೇಲೆ, ಮೊಣಕೈ ಪಕ್ಕೆಗೆ ಹತ್ತಿರ. ಮೊಣಕೈ ರೆಕ್ಕೆಯ ಹಾಗೆ ಹೊರಗೆ ಚಾಚಿದರೆ ಶಕ್ತಿ ಭುಜದಲ್ಲೇ ಸತ್ತುಹೋಗುತ್ತದೆ. ಗುದ್ದುವಾಗ ಪೋಸ್ಟ್ ಕಾಲು ನೆಲದಲ್ಲಿರಬೇಕು. ಗಾಳಿಯಲ್ಲಿ ಕಾಲಿದ್ದಾಗ ಕೊಟ್ಟ ಪಂಚ್ ಎದುರಾಳಿಗಿಂತ ಕೊಟ್ಟವನನ್ನೇ ಹೆಚ್ಚು ಅಲುಗಿಸುತ್ತದೆ. ಕಲಿಯುವವರ ದೊಡ್ಡ ರೋಗವೆಂದರೆ ಅವಸರ: ಎದುರಾಳಿ ಇನ್ನೂ ಎರಡು ಹೆಜ್ಜೆ ದೂರವಿರುವಾಗಲೇ ತೋಳು ಚಾಚಿ, ಅದರ ಹಿಂದೆ ಎದೆ, ಎದೆಯ ಹಿಂದೆ ತಲೆ, ಕೊನೆಗೆ ಇಡೀ ಮೈ ಮುಂದಕ್ಕೆ ವಾಲುತ್ತದೆ. ಅನುಭವಿ ಎದುರಾಳಿ ಕಾಯುವುದು ಅದಕ್ಕೇ. ಚಾಚಿದ ತೋಳನ್ನು ಕೆಳಕ್ಕೆ ಬಡಿದು ಪಕ್ಕದಲ್ಲಿ ಹೊರಟುಹೋಗುತ್ತಾನೆ. ಒಂದೇ ಸಲ ಎರಡೂ ಕೈ ಹಾಕದೆ, ಒಂದಾದ ಮೇಲೊಂದು ಹಾಕುವುದನ್ನು ಈಗ ಹೆಚ್ಚು ಕೋಚುಗಳು ಕಲಿಸುತ್ತಿರುವುದು ಈ ಭಯಕ್ಕೆ. ಒಂದು ಕೈ ಬಡಿಸಿಕೊಂಡರೂ ಇನ್ನೊಂದು ಉಳಿದಿರುತ್ತದೆ.

ಶೀಲ್ಡಿನ ಗುಣ ನಿಂತಿರುವುದು ಹಿಡಿದವನ ಮೇಲೆ. ಅರ್ಧ ನಿದ್ದೆಯಲ್ಲಿ ಶೀಲ್ಡ್ ಹಿಡಿದು ನಡೆದು ಬರುವ ಹುಡುಗನಿಂದ ಏನೂ ಆಗುವುದಿಲ್ಲ. ಅವನಿಗೂ ಪಾಠ ಬೇಕು. ಮೊದಲ ವಾರ ಕೋನ್ ಕಡೆಗೆ ಅರ್ಧ ವೇಗದಲ್ಲಿ ಒಂದೇ ದಾರಿಯ ಓಟ. ಎರಡನೆಯ ವಾರ ಎರಡು ದಾರಿ, ಹೊರಸುತ್ತು ಅಥವಾ ಎದೆಗೆ ನೇರ ನುಗ್ಗುವ ಬುಲ್ ರಶ್, ಯಾವುದೆಂದು ಲೈನ್‌ಮನ್‌ಗೆ ಹೇಳುವಂತಿಲ್ಲ. ಮೂರನೆಯ ವಾರ ಹೊರಗೆ ಎರಡು ಹೆಜ್ಜೆ ಹಾಕಿ ಒಳಕ್ಕೆ ಕತ್ತರಿಸುವುದು. ಬುಲ್ ರಶ್ ಬಂದಾಗ ಲೈನ್‌ಮನ್ ಸೊಂಟ ಇಳಿಸಿ, ಎರಡೂ ಪಾದ ಒಟ್ಟಿಗೆ ಚಿಕ್ಕದಾಗಿ ಹಿಂದಕ್ಕೆ ಹಾರಿಸಿ ಊರಬೇಕು, ಮತ್ತೆ ಹಾರಿಸಿ ಊರಬೇಕು. ಇದೇ ಆ್ಯಂಕರ್. ಒಂದು ಕಾಲು ಹಿಂದಿಟ್ಟು ತಡೆಯಲು ಹೋದರೆ ಮುಂದಿನ ಭುಜ ತಿರುಗಿ ದಾರಿ ಬಿಡುತ್ತದೆ.

ಶೀಲ್ಡಿನ ಮಿತಿಯನ್ನೂ ಹೇಳಬೇಕು. ಅದಕ್ಕೆ ತೋಳಿಲ್ಲ. ಚಾಚಿ ಬಂದ ತೋಳನ್ನು ಮೇಲಿನಿಂದ ಹಿಡಿದು ಕೆಳಕ್ಕೆ ಎಳೆದು ಎದುರಾಳಿಯನ್ನೇ ಮುಗ್ಗರಿಸುವ ಸ್ನ್ಯಾಚ್ ಪಟ್ಟನ್ನು ಶೀಲ್ಡಿನ ಮೇಲೆ ಕಲಿಸಲಾಗದು. ಎದುರಾಳಿಯ ಕೈ ಬಡಿತ, ಬಗಲಿನಡಿ ತೂರುವ ರಿಪ್, ಮೇಲಿನಿಂದ ಈಜಿದಂತೆ ಬರುವ ಸ್ವಿಮ್ ಯಾವುದೂ ಬರುವುದಿಲ್ಲ. ನಾಲ್ಕನೆಯ ವಾರಕ್ಕೆ ಶೀಲ್ಡ್ ಕೆಳಗಿಟ್ಟು ಮೈಗೆ ಮೈ ಬರಬೇಕು. ಯುಎಸ್‌ಎ ಫುಟ್‌ಬಾಲ್ ಸಂಸ್ಥೆ ತಾಗಾಟವನ್ನು ಏರ್, ಬ್ಯಾಗ್, ಕಂಟ್ರೋಲ್, ಥಡ್, ಲೈವ್ ಎಂದು ಐದು ಮೆಟ್ಟಿಲು ಮಾಡಿದೆ. ಶೀಲ್ಡ್ ಎರಡನೆಯ ಮೆಟ್ಟಿಲು. ಅಲ್ಲೇ ಕೂತವರು ಶುಕ್ರವಾರ ರಾತ್ರಿಯ ಪಂದ್ಯದಲ್ಲಿ ಮೊದಲ ಬಾರಿಗೆ ತೋಳುಳ್ಳ ಮನುಷ್ಯನನ್ನು ನೋಡುತ್ತಾರೆ.

ಸ್ಲೆಡ್

ಪ್ರೊಫೆಷನಲ್ ಲೀಗ್ ಎನ್ಎಫ್ಎಲ್ 1978ರಲ್ಲಿ ನಿಯಮ ಬದಲಿಸಿ, ಪಾಸ್ ಬ್ಲಾಕ್ ಮಾಡುವವರು ತೋಳು ಚಾಚಿ ಅಂಗೈ ಬಿಚ್ಚಿ ತಡೆಯಬಹುದು ಎಂದಿತು. ಅದಕ್ಕೆ ಮುಂಚೆ ಕೈಗಳು ಎದೆಗೆ ಅಂಟಿಕೊಂಡಿರಬೇಕಿತ್ತು, ಕೆಲಸವೆಲ್ಲ ಭುಜದ್ದು, ಮುಂಗೈಯದ್ದು. ಸ್ಲೆಡ್ ಎನ್ನುವ ಯೋಚನೆ ಆ ಭುಜದ ಕಾಲದ್ದು. ಈಗಿನವುಗಳಲ್ಲಿ ಅಂಗೈ ಇಡಲು ಗುರುತು, ಸ್ಪ್ರಿಂಗ್, ತಿರುಗುವ ದಿಂಬು ಎಲ್ಲ ಬಂದಿವೆ, ರಾಜರ್ಸ್‌ನಂಥ ತಯಾರಕರ ಕ್ಯಾಟಲಾಗಿನಲ್ಲಿ ಒಬ್ಬರದರಿಂದ ಏಳು ಜನರದವರೆಗೆ ಸಿಗುತ್ತವೆ, ಬೆಸುಗೆ ಉಕ್ಕು ಎಲ್ಲ ಗಟ್ಟಿಮುಟ್ಟು. ಕಟ್ಟುಮಸ್ತಿನ ಬಗ್ಗೆ ದೂರಿಲ್ಲ.

ದೂರು ಇಷ್ಟೇ: ಸ್ಲೆಡ್ ತಾನಾಗಿ ಎದ್ದು ಬರುವುದಿಲ್ಲ. ಪಾಸ್ ಪ್ರೊಟೆಕ್ಷನ್ನಿನ ಅರ್ಧ ಕಷ್ಟ ಬರುವವನ ಹೊತ್ತು ಅಳೆಯುವುದರಲ್ಲಿದೆ. ನಿಂತ ದಿಂಬಿಗೆ ಹೊತ್ತೆಲ್ಲಿಯದು? ಇನ್ನೂ ಕೆಟ್ಟದ್ದೆಂದರೆ, ವಾಲಿದವನನ್ನು ಸ್ಲೆಡ್ ಬೀಳಲು ಬಿಡುವುದಿಲ್ಲ. ಹುಡುಗ ಮೈಭಾರವನ್ನೆಲ್ಲ ದಿಂಬಿನ ಮೇಲೆ ಹೇರಿ ಕಾಲು ಹಿಂದೆ ಚಾಚಿದರೂ ಅದು ಎತ್ತಿ ಹಿಡಿದು, ಭೇಷ್ ಎಂದ ಹಾಗೆ ಹಿಂದಕ್ಕೆ ಜಾರುತ್ತದೆ. ಪಂದ್ಯದಲ್ಲಿ ಎದುರಾಳಿ ಥಟ್ಟನೆ ಪಕ್ಕಕ್ಕೆ ಸರಿದರೆ ಅದೇ ಹುಡುಗ ಹುಲ್ಲಿನ ಮೇಲೆ ಮೂಗು ಊರಿರುತ್ತಾನೆ. ಮೈಸೂರಿನ ಗರಡಿಯಲ್ಲೂ ಗದೆ ತಿರುಗಿಸಿದರೆ ತೋಳು ಬಲಿಯುತ್ತದೆ, ಪಟ್ಟು ಮಾತ್ರ ಮಟ್ಟಿಗಿಳಿದು ಜೋಡಿಯ ಜೊತೆ ಹೊರಳಾಡಿಯೇ ಬರಬೇಕು. ಸ್ಲೆಡ್ ಗದೆಯ ಜಾತಿ.

ಈಗಾಗಲೇ ಇದೆ, ಉಪಯೋಗಿಸಲೇಬೇಕು ಎನ್ನುವವರಿಗೆ ಒಂದು ದಾರಿ. ಕೋಚ್ ಸ್ಲೆಡ್ ಮೇಲೆ ಹತ್ತಿ ಅದು ಜಾರದಂತೆ ಮಾಡಲಿ. ಹುಡುಗ ಎರಡು ಕಿಕ್ ಹಿಂದಕ್ಕೆ ಹೋಗಿ, ಓರೆಯಾಗಿ ಬಂದು ಪಂಚ್ ಹಾಕಿ, ತಕ್ಷಣ ಕೈ ವಾಪಸ್ ಎಳೆದುಕೊಳ್ಳಲಿ. ಕೈ ತೆಗೆದಾಗ ಮುಗ್ಗರಿಸಿದರೆ ವಾಲಿದ್ದ ಎಂದರ್ಥ. ಇದೊಂದು ಪರೀಕ್ಷೆಗೆ ಸ್ಲೆಡ್ ನಿಜಕ್ಕೂ ಚೆನ್ನಾಗಿದೆ. ಐದೈದು ಸಲ, ವಾರಕ್ಕೆ ಎರಡು ದಿನ. ಅಷ್ಟಕ್ಕೆ ಸಾವಿರಾರು ಡಾಲರ್ ಕೊಡಬೇಕೇ ಎನ್ನುವುದು ಬೇರೆ ಮಾತು.

ಶೂಟ್, ಅಂದರೆ ತಗ್ಗಿನ ಕಬ್ಬಿಣದ ಚಪ್ಪರ, ಅದರಡಿ ಬಗ್ಗಿ ಓಡಿಸುವುದು. ಪಾಸ್ ಪ್ರೊಟೆಕ್ಷನ್‌ಗೆ ಹಾನಿಯೇ ಹೆಚ್ಚು. ಚಪ್ಪರದಡಿ ತಲೆ ತಗ್ಗಿಸಲು ಹುಡುಗರು ಮಂಡಿಯ ಬದಲು ನಡು ಬಗ್ಗಿಸುತ್ತಾರೆ, ತಲೆ ಪಾದಕ್ಕಿಂತ ಮುಂದೆ ಹೋಗುತ್ತದೆ. ಇಲ್ಲಿ ಬೇಕಾದದ್ದು ತದ್ವಿರುದ್ಧ: ಮಂಡಿ ಬಗ್ಗಿ, ಬೆನ್ನು ನೆಟ್ಟಗೆ, ತಲೆ ಹಿಂದೆ, ಕುರ್ಚಿಯ ಅಂಚಿನಲ್ಲಿ ಕೂತ ಹಾಗೆ. ಸ್ನ್ಯಾಪ್ ಆದೊಡನೆ ಎದ್ದು ನಿಲ್ಲುವ ಚಾಳಿ ಇರುವವನಿಗೆ ಮೊದಲೆರಡು ಹೆಜ್ಜೆಗೆ ಮಾತ್ರ ಬಳಸಬಹುದು.

ಸಣ್ಣಪುಟ್ಟವು

ಟೆನಿಸ್ ಚೆಂಡು. ಎರಡು ಕೈಗೂ ಒಂದೊಂದು ಕೊಟ್ಟು, ಬೆರಳು ಮಡಚಿ ಹಿಡಿದುಕೊಂಡೇ ಬ್ಲಾಕ್ ಮಾಡಿಸುವುದು. ಜರ್ಸಿ ಹಿಡಿಯುವ ದಾರಿಯೇ ಮುಚ್ಚಿಹೋಗಿ ಕಾಲು ಓಡಲೇಬೇಕಾಗುತ್ತದೆ. ಕಾಲಿನ ಸೋಮಾರಿತನವನ್ನು ಕೈಯಿಂದ ಮುಚ್ಚಿಕೊಳ್ಳುವ ಹುಡುಗರಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ. ಆದರೆ ಒಂದು ವಾರ ಸಾಕು. ಎದುರಾಳಿಯ ಎದೆಯ ಅಗಲದೊಳಗೆ ಬಿಗಿ ಹಿಡಿತ ಇರಬೇಕಾದದ್ದೇ. ಚೆಂಡಿನ ಅಭ್ಯಾಸ ಅತಿಯಾದರೆ ಗುದ್ದಿ ಬಿಟ್ಟುಬಿಡುವ ಚಾಳಿ ಬರುತ್ತದೆ, ಎದುರಾಳಿ ಮರುಕ್ಷಣ ಪುನಃ ನುಗ್ಗುತ್ತಾನೆ.

ಮೆಡಿಸಿನ್ ಬಾಲ್: ಹೈಸ್ಕೂಲ್ ಹುಡುಗರಿಗೆ 6ರಿಂದ 8 ಪೌಂಡ್. ಭಾರ ಹೆಚ್ಚಿದರೆ ಪಂಚ್ ಹೋಗಿ ಎಸೆತವಾಗುತ್ತದೆ. ಎರಡು ಮಂಡಿಯೂರಿ ಕೂತು ಎದೆಯಿಂದ ಎದೆಗೆ ತಳ್ಳುವುದು, ಹಿಡಿಯುವಾಗ ಮೊಣಕೈ ಒಳಗೆ. ಕಾಲು ಇಲ್ಲವಾದ್ದರಿಂದ ಸೊಂಟವನ್ನು ಮುಂದಕ್ಕೆ ಚಿಮ್ಮಿಸುವುದರಿಂದ ಬಲ ಬರುವುದು ಹುಡುಗನಿಗೇ ತಿಳಿಯುತ್ತದೆ. ಪುಟಿಯದ, ಮೆತ್ತನೆಯ, ದೊಡ್ಡ ಗಾತ್ರದ ಬಗೆ ಕೊಳ್ಳಿ. ಗಟ್ಟಿ ರಬ್ಬರಿನದು ಬೆರಳಿಗೆ ಶತ್ರು.

ಉದ್ದ ರಬ್ಬರ್ ಬ್ಯಾಂಡ್ ಸೊಂಟಕ್ಕೆ ಸುತ್ತಿ ಮುಂದಿನಿಂದ ಎಳೆಯುವುದು ಆ್ಯಂಕರ್‌ಗೆ ಒಳ್ಳೆಯದು. ಎಳೆತ ಬಂದಾಗ ಸೊಂಟ ಇಳಿಸದೆ ಬೇರೆ ದಾರಿಯಿಲ್ಲ. ಪ್ರತಿ ಸಲ ಬಳಸುವ ಮುಂಚೆ ಬೆರಳಾಡಿಸಿ ಸೀಳು ಇದೆಯೇ ನೋಡಬೇಕು, ಹರಿದ ಬ್ಯಾಂಡ್ ಕಣ್ಣಿಗೇ ಹೊಡೆಯುತ್ತದೆ. ಅಜಿಲಿಟಿ ಲ್ಯಾಡರ್ ನೋಡಲು ಚೆಂದ, ಮೈ ಬೆಚ್ಚಗಾಗುತ್ತದೆ, ಅಷ್ಟೇ.

ನೆಟ್ಟಗೆ ನಿಲ್ಲುವ ದುಂಡು ಡಮ್ಮಿ ಇದ್ದರೆ ಅದನ್ನು ಗುದ್ದಿಸಬೇಡಿ, ಕ್ವಾರ್ಟರ್‌ಬ್ಯಾಕ್ ಮಾಡಿ 7 ಯಾರ್ಡಿನಲ್ಲಿ ನಿಲ್ಲಿಸಿ. ಕೋನಿಗಿಂತ ಒಳ್ಳೆಯದು, ಎದುರಾಳಿಗೆ ಮುಟ್ಟಲು ಒಂದು ಮೈ ಸಿಗುತ್ತದೆ. ಇಲ್ಲದಿದ್ದರೆ ದೊಡ್ಡ ಕಸದ ಡಬ್ಬಿಯೂ ಆಗುತ್ತದೆ, ಎಷ್ಟೋ ಮೈದಾನಗಳಲ್ಲಿ ಅದೇ ಕ್ವಾರ್ಟರ್‌ಬ್ಯಾಕ್. ಜೊತೆಗೆ ಒಂದು ಸ್ಟಾಪ್‌ವಾಚ್. ಚೆಂಡು ಸಾಮಾನ್ಯವಾಗಿ ಮೂರು ಸೆಕೆಂಡಿನ ಒಳಗೆ ಕೈಬಿಡುತ್ತದೆ. ಒಬ್ಬರಿಗೊಬ್ಬರು ಬಿಡುವ ಅಭ್ಯಾಸದಲ್ಲಿ ಶಿಳ್ಳೆ ಹಾಕದೆ ಆರೇಳು ಸೆಕೆಂಡ್ ಓಡಿಸಿದರೆ ಯಾವ ಲೈನ್‌ಮನ್ ಆದರೂ ಸೋಲುತ್ತಾನೆ, ಸೋಲುತ್ತ ಸೋಲುತ್ತ ಧೈರ್ಯವೂ ಹೋಗುತ್ತದೆ. 3 ಸೆಕೆಂಡಿಗೆ ಶಿಳ್ಳೆ, ಅಲ್ಲಿಗೆ ಮುಗಿಯಿತು.

ಯಾವ ಅಂಗಡಿಯಲ್ಲೂ ಸಿಗದ್ದು

ಇಷ್ಟೆಲ್ಲ ಒಬ್ಬನಿಗೆ ಒಬ್ಬನ ಲೆಕ್ಕ. ಸ್ಯಾಕ್, ಅಂದರೆ ಚೆಂಡು ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು, ಆಗುವುದು ಇಬ್ಬರ ನಡುವಿನ ಸಂದಿಯಲ್ಲೂ. ಎದುರಾಳಿ ಸಾಲಿನಲ್ಲೂ ಒಳಗಿನವನಿಗೆ ಟ್ಯಾಕಲ್ ಎಂದೇ ಹೆಸರು, ತುದಿಯವನಿಗೆ ಎಂಡ್. ಆ ಟ್ಯಾಕಲ್ ಹೊರಕ್ಕೆ ನುಗ್ಗಿ, ಅವನ ಬೆನ್ನ ಹಿಂದಿನಿಂದ ಎಂಡ್ ಒಳಕ್ಕೆ ಸುತ್ತಿ ಬರುವ ಟ್ವಿಸ್ಟ್‌ಗೆ ಯಾವ ಸಾಮಾನೂ ಇಲ್ಲ. ಗಾರ್ಡ್ ತನ್ನ ಎದುರಾಳಿಯನ್ನು ಹೊರಕ್ಕೆ ತಳ್ಳಿಕೊಂಡು ಹೋಗಿ ಪಕ್ಕದಲ್ಲಿರುವ ತನ್ನ ತಂಡದ ಟ್ಯಾಕಲ್‌ನ ಕೈಗೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಕಣ್ಣು ಒಳಕ್ಕೆ ತಿರುಗಿಸಿ ಸುತ್ತಿ ಬರುವವನನ್ನು ಹಿಡಿಯಬೇಕು. ಆ ಟ್ಯಾಕಲ್ ಸಾಮಾನ್ಯವಾಗಿ ಎಸಗುವ ತಪ್ಪು, ಒಳಕ್ಕೆ ಹೋದ ತನ್ನ ಎದುರಾಳಿಯ ಬೆನ್ನು ಹತ್ತುವುದು. ಆಗ ಇಬ್ಬರೂ ಒಂದೇ ಕಡೆ ಡಿಕ್ಕಿ ಹೊಡೆದು ಇನ್ನೊಂದು ಕಡೆ ಬಯಲು.

ಇದು ಕೆಡುವುದಕ್ಕೆ ಮೂಲ ಕಾರಣ ಆಳದ ವ್ಯತ್ಯಾಸ. ಗಾರ್ಡ್ ಲೈನಿನ ಹತ್ತಿರವೇ ಇದ್ದು ಟ್ಯಾಕಲ್ ಮೂರು ಯಾರ್ಡ್ ಹಿಂದೆ ಹೋಗಿದ್ದರೆ ನಡುವೆ ಮೆಟ್ಟಿಲು ಬಿದ್ದಂತೆ. ಒಪ್ಪಿಸುವುದಾದರೂ ಯಾರಿಗೆ? ಉಳಿದ ಹಗ್ಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಲೈನಿನಿಂದ ಎರಡು ಯಾರ್ಡ್ ಹಿಂದೆ ಅಡ್ಡಕ್ಕೆ ಹಾಸಿ, ಇಬ್ಬರೂ ಒಂದೇ ಹೊತ್ತಿಗೆ ಅದರ ಮೇಲೆ ಬರುವಂತೆ ಮೊದಲು ಬರಿಗಾಳಿಯಲ್ಲಿ, ಆಮೇಲೆ ಶೀಲ್ಡ್ ಹಿಡಿದ ಇಬ್ಬರ ಎದುರು. ನಡೆಯುವ ವೇಗದಿಂದ ಶುರುಮಾಡಿ. ಬಾಯಿ ಬಿಟ್ಟು ಕೂಗುವುದೂ ಪಾಠದ ಭಾಗ. ಮೌನಿ ಲೈನಿಗೆ ಟ್ವಿಸ್ಟ್ ತಡೆಯಲು ಬರುವುದಿಲ್ಲ.

ಎಂಡ್ ಜೋನ್ ಕ್ಯಾಮೆರಾ

ಸ್ಲೆಡ್‌ನ ದುಡ್ಡಿನಲ್ಲಿ ಒಂದು ಭಾಗವನ್ನು ಯಾವುದಕ್ಕೆ ಹಾಕಬೇಕು ಎಂದರೆ ಇದಕ್ಕೆ. ಹದಿನೈದು ಇಪ್ಪತ್ತು ಅಡಿ ಎತ್ತರಕ್ಕೆ ಏರಿಸಬಹುದಾದ ಕಂಬ, ತುದಿಯಲ್ಲಿ ಕ್ಯಾಮೆರಾ, ಗೋಲ್ ಪೋಸ್ಟಿನ ಹಿಂದೆ ನಿಲ್ಲಿಸುವುದು. ಸ್ಟ್ಯಾಂಡಿನ ಮೇಲಿನಿಂದ ಪಕ್ಕದಿಂದ ತೆಗೆದ ವಿಡಿಯೊದಲ್ಲಿ ಲೈನ್‌ಮನ್ ಎಷ್ಟು ಆಳ ಹೋದ ಎನ್ನುವುದು ಕಾಣುತ್ತದೆ, ಒಳಗಿದ್ದಾನೋ ಹೊರಗಿದ್ದಾನೋ ಕಾಣುವುದಿಲ್ಲ, ಐದು ಜನ ಒಬ್ಬರ ಮೇಲೊಬ್ಬರು ಬಿದ್ದ ಹಾಗೆ ತೋರುತ್ತದೆ. ಪಾಸ್ ಪ್ರೊಟೆಕ್ಷನ್‌ನಲ್ಲಿ ಗೆಲುವು ಸೋಲು ಒಳಗೆ ಹೊರಗೆ ಎನ್ನುವುದರಲ್ಲೇ. ಆದ್ದರಿಂದ ಹಿಂದಿನಿಂದ ನೋಡದೆ ತಿದ್ದುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದಂತೆ.

ಕೊಳ್ಳುವಾಗ ಗಮನಿಸಬೇಕಾದದ್ದು ಕಂಬದ ಬುಡ. ಅಗಲವಾದ ಮೂರು ಕಾಲು, ಅದಕ್ಕೆ ಮರಳಿನ ಚೀಲ ತೂಗಿಸಲು ಕೊಕ್ಕೆ, ಜೊತೆಗೆ ಗೂಟಕ್ಕೆ ಕಟ್ಟುವ ಹಗ್ಗ. ಗಾಳಿಗೆ ಬಿದ್ದ ಕಂಬ ಕ್ಯಾಮೆರಾವನ್ನಷ್ಟೇ ಅಲ್ಲ, ಕೆಳಗಿದ್ದವರ ತಲೆಯನ್ನೂ ಒಡೆಯುತ್ತದೆ. ಗುಡುಗು ಮಿಂಚಿದ್ದರೆ ಇಳಿಸಿಬಿಡಬೇಕು, ಲೋಹದ ಕಂಬ. ಚಿತ್ರ ಸೆಕೆಂಡಿಗೆ 60 ಫ್ರೇಮ್ ಆದರೂ ಇರಲಿ; 30ರಲ್ಲಿ ಪಂಚ್ ಬಿದ್ದ ಗಳಿಗೆ ಮಸುಕಾಗಿ ಹೋಗುತ್ತದೆ. ಎಷ್ಟೋ ಶಾಲೆಗಳು ವಿಡಿಯೊ ಹಂಚಿಕೊಳ್ಳಲು ಹಡಲ್ ಬಳಸುತ್ತವೆ, ಈ ಕೋನದ ಚಿತ್ರವನ್ನೂ ಅಲ್ಲಿಗೇ ಏರಿಸಬಹುದು.

ನೋಡುವಾಗ ಇಡೀ ಆಟ ಓಡಿಸಬೇಡಿ. ತಾಗಿದ ಫ್ರೇಮಿನಲ್ಲಿ ನಿಲ್ಲಿಸಿ. ಪೋಸ್ಟ್ ಕಾಲು ನೆಲದಲ್ಲಿದೆಯೇ? ಮೂಗು ಕಾಲಿನ ಹೆಬ್ಬೆರಳಿಗಿಂತ ಮುಂದಿದೆಯೇ? ಎದುರಾಳಿಯ ಎದೆಯ ಸಂಖ್ಯೆಯ ಯಾವ ಅಂಕೆಯ ನೇರಕ್ಕೆ ಇವನ ತಲೆ ಇದೆ? ಉತ್ತರ ಮೂರೂ ಸರಿಯಿದ್ದು ಸೋತಿದ್ದರೆ ಅದು ಎದುರಾಳಿಯ ಜಾಣತನ, ಬಿಟ್ಟುಬಿಡಿ. ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಲೆಫ್ಟ್ ಟ್ಯಾಕಲ್ ಜೋ ಥಾಮಸ್ 2007ರಿಂದ 2017ರವರೆಗೆ ಒಂದೂ ಬಿಡದೆ ಸತತ 10,363 ಸ್ನ್ಯಾಪ್ ಆಡಿದರು. ಅಂಥವರ ಕೈ ತಪ್ಪಿಯೂ ಸ್ಯಾಕ್ ಆಗಿದೆ.

ತಲೆ, ಮಂಡಿ

ಹೆಲ್ಮೆಟ್ಟಿನ ಮೇಲೆ ತೊಡಿಸುವ ಮೆತ್ತನೆಯ ಗಾರ್ಡಿಯನ್ ಕ್ಯಾಪ್ ಅನ್ನು ಎನ್ಎಫ್ಎಲ್ 2022ರ ಟ್ರೈನಿಂಗ್ ಕ್ಯಾಂಪಿನಲ್ಲಿ ಲೈನ್‌ಮನ್‌ಗಳೂ ಸೇರಿ ಕೆಲವು ಸ್ಥಾನದವರಿಗೆ ಕಡ್ಡಾಯ ಮಾಡಿತು. ಅಭ್ಯಾಸಕ್ಕೆ ಕೊಡಿಸುವುದು ಒಳ್ಳೆಯದೇ. ಆದರೆ ಕ್ಯಾಪ್ ಇದೆಯೆಂದು ತಲೆಯಿಂದ ಗುದ್ದುವುದನ್ನು ಕೋಚ್ ನೋಡಿಯೂ ನೋಡದಂತಿದ್ದರೆ ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ತಲೆ ಮುಂದೆ ಹೋದವನ ತೂಕವೂ ಮುಂದೆ ಹೋಗಿರುತ್ತದೆ, ಹಾಗಾಗಿ ಪೆಟ್ಟಿನ ಜೊತೆ ಸೋಲೂ ಖಚಿತ.

ಮಂಡಿಗೆ ಪಕ್ಕದಲ್ಲಿ ಲೋಹದ ಕೀಲಿರುವ ಬ್ರೇಸ್ ಹಾಕಿಕೊಳ್ಳುವ ಲೈನ್‌ಮನ್‌ಗಳು ಬಹಳ. ಅವರ ಕಾಲಿಗೆ ಅಪಾಯ ಎದುರಾಳಿಯಿಂದಷ್ಟೇ ಅಲ್ಲ, ಪಕ್ಕದಲ್ಲಿ ಉರುಳಿ ಬಿದ್ದ ಸ್ವಂತ ತಂಡದವನಿಂದಲೂ. ಅಳತೆ ತಪ್ಪಿದರೆ ಬ್ರೇಸ್ ಕೆಳಕ್ಕೆ ಜಾರಿ ಕೀಲು ಮಂಡಿಯ ನೇರಕ್ಕೆ ಇರದೆ ಮೀನಖಂಡದ ಮೇಲೆ ಕೂರುತ್ತದೆ, ಕಿಕ್ ಸ್ಲೈಡಿನ ಮೂರನೇ ಹೆಜ್ಜೆಗೆ ಕಾಲು ಮಡಚುವುದೇ ನಿಲ್ಲುತ್ತದೆ. ಮಂಡಿಚಿಪ್ಪಿನ ನಡುವಿನಿಂದ 6 ಅಂಗುಲ ಮೇಲೆ ತೊಡೆಯ ಸುತ್ತಳತೆ, 6 ಅಂಗುಲ ಕೆಳಗೆ ಮೀನಖಂಡದ ಸುತ್ತಳತೆ, ಇವೆರಡೂ ತೆಗೆದುಕೊಂಡು ತಯಾರಕರ ಪಟ್ಟಿಗೆ ಹೋಲಿಸಬೇಕು. ಹದಿನೈದು ಹದಿನಾರರ ಹುಡುಗ ಬೇಸಿಗೆ ರಜೆಯಲ್ಲಿ ಭಾರ ಎತ್ತಿ ತೊಡೆ ಬೆಳೆಸಿಕೊಂಡು ಬಂದಿರುತ್ತಾನೆ. ಆಗಸ್ಟಿನಲ್ಲಿ ಮೊದಲ ಅಭ್ಯಾಸಕ್ಕೆ ಮುಂಚೆ ಟೇಪು ಹಿಡಿದು ಮತ್ತೆ ಅಳೆಯಿರಿ.